ಗುರುವಿಗೆ ಬೆನ್ನು ಹಾಕಿದ ಕುರ್ಚಿ

ಇಪ್ಪತ್ತೇಳು ವರ್ಷಗಳಿಂದ ನಾನು ಜನರ ತಲೆಗಳನ್ನು ಮೇಲಿನಿಂದ ನೋಡುತ್ತಾ ಬಂದವನು. ಮುಖ ನೋಡಿ ಗುರುತು ಹಿಡಿಯುವುದು ನಿಮ್ಮಂಥವರ ಅಭ್ಯಾಸ, ನನಗೆ ನೆತ್ತಿ ಸಾಕು. ಬ್ಯಾಂಕಿನ ಮ್ಯಾನೇಜರು ಟೋಪಿ ಹಾಕಿಕೊಂಡು ಬೀದಿಯಲ್ಲಿ ಎದುರಾದರೆ ಯಾರೋ ಏನೋ ಎಂದು ದಾರಿ ಬಿಡುತ್ತೇನೆ. ಅವರು ಟೋಪಿ ತೆಗೆದು, ಬಗ್ಗಿ ಚಪ್ಪಲಿ ಸರಿಮಾಡಿಕೊಂಡರೆ ತಕ್ಷಣ, "ಓ, ನೀವಾ ಸಾರ್!" ಎನ್ನುತ್ತೇನೆ. ಪ್ರತಿ ನೆತ್ತಿಯಲ್ಲೂ ಒಂದು ಸುಳಿ ಇರುತ್ತದೆ. ಕೂದಲು ಅಲ್ಲಿಂದ ಹೊರಟು ಸುತ್ತುತ್ತಾ ಕೆಳಗಿಳಿಯುತ್ತದೆ. ಹೆಚ್ಚಿನವರದು ಗಡಿಯಾರದ ಮುಳ್ಳು ಹೋಗುವ ಕಡೆಗೇ ಸುತ್ತುತ್ತದೆ, ಎಲ್ಲೋ ಕೆಲವರದು ಎದುರು ದಿಕ್ಕಿಗೆ. ಎದುರು ಸುಳಿಯವರ ಕೂದಲು ನನ್ನ ಬಾಚಣಿಗೆಯ ಮಾತು ಕೇಳುವುದಿಲ್ಲ. ಅವರ ಸ್ವಭಾವವೂ ಹಾಗೇ ಎಂಬುದು ನನ್ನ ಖಾಸಗಿ ಅಭಿಪ್ರಾಯ, ಅದನ್ನು ಗಿರಾಕಿಗಳ ಎದುರು ಹೇಳುವುದಿಲ್ಲ.

ಸುಳಿ ಎಂಬ ಈ ಒಂದು ಮಾತಿನಿಂದಲೇ ನಮ್ಮ ಮನೆಯಲ್ಲಿ ಅಷ್ಟೆಲ್ಲ ಆದದ್ದು.

ನನ್ನ ತಂಗಿಗೆ ಮನೆಯಲ್ಲಿ ಬೋಲ್ಟು ಎಂದು ಹೆಸರು. ಚಿಕ್ಕವಳಿದ್ದಾಗ ಬೇರೆ ಹುಡುಗಿಯರ ಜೇಬಿನಲ್ಲಿ ಕಡಲೆಕಾಯಿ ಇದ್ದರೆ ಇವಳ ಜೇಬಿನಲ್ಲಿ ಬೋಲ್ಟು, ನಟ್ಟು, ವಾಷರ್ರು. ಈಗ ಅವಳಿಗೆ ಮೂವತ್ತೈದು. ನನ್ನ ಅಂಗಡಿಯಿಂದ ಎರಡು ಬೀದಿ ಆಚೆ ಇರುವ ವಿಜ್ಞಾನ ಭವನದಲ್ಲಿ ಅವಳಿಗೆ ರಿಪೇರಿ ಕೆಲಸ. ಹನ್ನೊಂದು ವರ್ಷದಿಂದ ಅಲ್ಲಿನ ನೀರಿನ ಪಂಪು, ಫ್ಯಾನು, ಲಿಫ್ಟು, ಕಕ್ಕಸಿನ ಫ್ಲಶ್ಶು ಎಲ್ಲ ಅವಳ ಕೈಯಲ್ಲೇ ಬದುಕಿವೆ. ಬೇರೆಯವರು ಮಾಡಿದ್ದು ಕೆಟ್ಟರೆ ಇವಳನ್ನು ಕರೆಯುತ್ತಾರೆ. ಇವಳೇ ಏನನ್ನಾದರೂ ಮಾಡಲಿ ಎಂದು ಯಾರೂ ಕರೆದಿರಲಿಲ್ಲ.

ಎಂಟು ತಿಂಗಳ ಹಿಂದೆ ಕರೆದರು. ಗ್ರಹಗಳ ಹಾಲಿನಲ್ಲಿ ಗುರುಗ್ರಹದ ಜಾಗ ಖಾಲಿ ಇತ್ತು. ದೊಡ್ಡದೊಂದು ಫೋಟೋ ಹಾಕಿ ಮುಗಿಸೋಣ ಎಂದು ಮೇಲಿನವರು ಅಂದಾಗ, ಟ್ಯೂಬ್‌ಲೈಟ್ ಬದಲಿಸಲು ಏಣಿ ಹತ್ತಿದ್ದ ಬೋಲ್ಟು ಅಲ್ಲಿಂದಲೇ, "ಫೋಟೋ ತಿರುಗಲ್ವಲ್ಲ ಸರ್," ಅಂದಳಂತೆ. ಹಾಗಾದರೆ ತಿರುಗುವಂಥದ್ದು ನೀನೇ ಮಾಡು ಎಂದರು. ಅದು ತಮಾಷೆಗೋ ಬೇಸರಕ್ಕೋ ನನಗೆ ಗೊತ್ತಿಲ್ಲ. ಇವಳು ಮಾತ್ರ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅವತ್ತಿನಿಂದ ನಮ್ಮ ಮನೆಯ ಊಟದ ಮೇಜಿನ ಮೇಲೆ ಗುರುಗ್ರಹ ಬಂದು ಕೂತಿತು. ತಟ್ಟೆ ಇಡಲು ಜಾಗವಿಲ್ಲದಷ್ಟು ಚಿತ್ರಗಳು. ಅಡ್ಡಡ್ಡ ಪಟ್ಟೆಗಳು, ಬಿಳಿ, ಕಂದು, ಕೆನೆಬಣ್ಣ. ಕೆಳಗಿನ ಅರ್ಧದಲ್ಲಿ ಮೊಟ್ಟೆಯಾಕಾರದ ಒಂದು ಕೆಂಪು ಮಚ್ಚೆ.

"ಇದೇನೇ, ಗಾಯ ಆದಂಗಿದೆ?" ಎಂದೆ.

"ಬಿರುಗಾಳಿ ಅಣ್ಣ ಅದು. ನಮ್ಮ ಇಡೀ ಭೂಮಿನ ಒಳಗೆ ಹಾಕಿದ್ರೂ ಇನ್ನೂ ಜಾಗ ಉಳಿಯುತ್ತೆ. ನೂರೈವತ್ತು ವರ್ಷಕ್ಕಿಂತ ಹೆಚ್ಚು ದಿನದಿಂದ ಬೀಸ್ತಾನೇ ಇದೆ."

ನಮ್ಮ ಕಡೆ ಬಿರುಗಾಳಿ ಬಂದರೆ ಎರಡು ದಿನ ನಾಲ್ಕು ಮರ ಬೀಳಿಸಿ, ನನ್ನ ಅಂಗಡಿಯ ಬೋರ್ಡು ಹಾರಿಸಿ ಸುಮ್ಮನಾಗುತ್ತದೆ. ಇದಕ್ಕೆ ಯಾಕೆ ಸುಸ್ತಾಗುವುದಿಲ್ಲ ಎಂದು ಕೇಳಿದೆ.

"ಇಲ್ಲಿ ನೆಲಕ್ಕೆ ಬಡ್ಕೊಂಡು ಸುಸ್ತಾಗುತ್ತೆ. ಅಲ್ಲಿ ನೆಲಾನೇ ಇಲ್ಲ."

ನೆಲವೇ ಇಲ್ಲ! ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಮೇಲಿನಿಂದ ಕೆಳಗಿನವರೆಗೆ ಬರೀ ಗಾಳಿ, ಮೋಡ, ಮತ್ತೆ ಮೋಡ. ಕೆಳಗಿಳಿದಷ್ಟೂ ಗಾಳಿ ದಪ್ಪವಾಗುತ್ತಾ, ಬಿಸಿಯಾಗುತ್ತಾ, ಯಾವಾಗಲೋ ಗಾಳಿ ಎನ್ನುವ ಹಾಗೂ ಇಲ್ಲದ ಏನೋ ಒಂದು ಆಗುತ್ತದಂತೆ. ಮಳೆ ಬಂದರೆ ಎಲ್ಲಿ ಬೀಳುತ್ತದೆ ಎಂದು ಕೇಳಿದೆ. ಎಲ್ಲೂ ಬೀಳುವುದಿಲ್ಲ, ಬೀಳುತ್ತಾ ಬೀಳುತ್ತಾ ಬಿಸಿಗೆ ಮತ್ತೆ ಆವಿಯಾಗಿ ಮೇಲೆ ಹೋಗುತ್ತದೆ ಎಂದಳು. ಮೇಲಿನ ಮೋಡಗಳು ಅಮೋನಿಯಾದ ಮಂಜಂತೆ. ಅಮೋನಿಯಾ ನನಗೆ ಗೊತ್ತು, ಹೇರ್ ಡೈ ಡಬ್ಬಿ ತೆಗೆದರೆ ಮೂಗಿಗೆ ರಪ್ಪನೆ ಹೊಡೆಯುವುದು ಅದೇ. ಅಷ್ಟು ದೂರದ ಗ್ರಹದಲ್ಲಿ ನನ್ನ ಅಂಗಡಿಯ ವಾಸನೆ ಇದೆ ಎಂದು ತಿಳಿದ ಮೇಲೆ ನನಗೂ ಅದರ ಹುಚ್ಚು ಹತ್ತಿತು. ಆ ಮಚ್ಚೆ ಯಾಕೆ ಕೆಂಪು ಎಂದು ಕೇಳಿದ್ದಕ್ಕೆ, "ಯಾರಿಗೂ ಸರಿಯಾಗಿ ಗೊತ್ತಿಲ್ಲ," ಎಂದಳು. ಯಾರಿಗೂ ಗೊತ್ತಿಲ್ಲ ಎನ್ನುವುದನ್ನು ಅವಳು ಹೇಳಿದ ಖುಷಿ ನೋಡಬೇಕಿತ್ತು, ತಾನೇ ಬಚ್ಚಿಟ್ಟುಕೊಂಡವಳ ಹಾಗೆ.

"ಅಲ್ಲಿ ಎಲ್ಲಾ ಸುಳಿ ಅಣ್ಣ," ಎಂದಳು ಇನ್ನೊಂದು ದಿನ. "ಈ ಪಟ್ಟೆ ಗಾಳಿ ಹಿಂಗೆ ಓಡುತ್ತೆ, ಪಕ್ಕದ್ದು ಅದಕ್ಕೆ ಎದುರಾಗಿ ಓಡುತ್ತೆ. ಎರಡರ ಮಧ್ಯೆ ಸಿಕ್ಕಿದ್ದು ಸುತ್ತುತ್ತೆ. ಬೇರಿಂಗ್ ಒಳಗಿನ ಗುಂಡಿನ ಥರ. ಕೆಂಪು ಮಚ್ಚೆ ಮೇಲ್ಗಡೆ ಗಾಳಿ ಎಡಕ್ಕೆ, ಕೆಳಗಡೆ ಗಾಳಿ ಬಲಕ್ಕೆ. ಹಂಗಾದ್ರೆ ಅದು ಎತ್ತ ಸುತ್ತುತ್ತೆ ಹೇಳು?"

ಎರಡೂ ಅಂಗೈ ನಡುವೆ ಪೆನ್ಸಿಲ್ ಉರುಳಿಸಿ ನೋಡಿದೆ. "ಗಡಿಯಾರಕ್ಕೆ ಎದುರಾಗಿ. ಎದುರು ಸುಳಿ!"

"ಹೂಂ. ಎದುರು ಸುಳಿ."

ಅವಳು ಮಾಡಿದ ತೊಟ್ಟಿ ಹೀಗಿತ್ತು. ಮಂಚದಷ್ಟು ಉದ್ದದ, ಅಂಡಾಕಾರದ, ಆಳವಿಲ್ಲದ ಗಾಜಿನ ತೊಟ್ಟಿ. ಆಚೆ ಅಂಚಿನಲ್ಲೊಂದು, ಈಚೆ ಅಂಚಿನಲ್ಲೊಂದು ರೆಕ್ಕೆಚಕ್ರ, ಅವಕ್ಕೆ ಎರಡು ಸಣ್ಣ ಮೋಟಾರು. ಆಚೆಯದು ನೀರನ್ನು ಎಡಕ್ಕೆ ತಳ್ಳುತ್ತದೆ, ಈಚೆಯದು ಬಲಕ್ಕೆ. ನೀರಿನಲ್ಲಿ ಬೆಳ್ಳಿಬಣ್ಣಕ್ಕೆ ಬೆರೆಸುವ ಹೊಳೆಯುವ ಪುಡಿ, ಅದರಿಂದ ಹರಿವಿನ ಪಟ್ಟೆಗಳೆಲ್ಲ ಎದ್ದು ಕಾಣುತ್ತವೆ. ನಡುವೆ ತಳದಿಂದ ಒಂದು ಸಣ್ಣ ನಳಿಕೆ ಹನಿಹನಿ ಕೆಂಪು ಬಣ್ಣ ಬಿಡುತ್ತದೆ. ಸುಳಿ ಅದನ್ನು ಹಿಡಿದುಕೊಂಡು ಬಿಡದೆ ಸುತ್ತುತ್ತದೆ. ಮೊದಲ ಸಲ ಸುಳಿ ಚದುರದೆ ಉಳಿದಾಗ ಬೋಲ್ಟು ನನಗೆ ಫೋನ್ ಮಾಡಿ, ಫೋನನ್ನು ತೊಟ್ಟಿಯ ಹತ್ತಿರ ಹಿಡಿದಳು. ಆಚೆಯಿಂದ ನೀರಿನ ಸದ್ದು ಮಾತ್ರ ಕೇಳುತ್ತಿತ್ತು.

ತೊಟ್ಟಿ ಎದೆಮಟ್ಟದ ಮೇಜಿನ ಮೇಲೆ ಇತ್ತು. ಮಕ್ಕಳಿಗೆ ಮೇಲಿನಿಂದ ಕಾಣಬೇಕಲ್ಲ, ಅದಕ್ಕೆ ಬಡಗಿಗಳು ತೊಟ್ಟಿಯ ಮೇಲೆ ದೊಡ್ಡ ಕನ್ನಡಿಯೊಂದನ್ನು ಓರೆಯಾಗಿ ತೂಗುಹಾಕಿ, ಎದುರಿಗೆ ಒಂದು ಬೆಂಚು ಇಟ್ಟರು. ಪಕ್ಕದಲ್ಲಿ ಮಹಡಿಗೆ ಹೋಗುವ ಮೆಟ್ಟಿಲು. ಅಲ್ಲಿಂದ ಬಗ್ಗಿದರೆ ತೊಟ್ಟಿ ನೇರವಾಗಿ ಕಾಣುತ್ತದೆ.

ಇನ್ನು ಉಳಿದದ್ದು ಒಪ್ಪಿಗೆ. ಅದನ್ನು ಕೊಡಬೇಕಾದವರು ಮೋಡದ ಮೇಷ್ಟ್ರು. ಜೀವಮಾನವಿಡೀ ಗುರುಗ್ರಹದ ಮೋಡಗಳನ್ನೇ ಓದಿ, ಓದಿಸಿ ನಿವೃತ್ತರಾದವರು. ಭವನದವರು ಏನೇ ಹೊಸದು ಇಡಲಿ, ಅವರು ನೋಡಿ ಸರಿ ಎನ್ನಬೇಕು. ಮಾಡಿದವರು ಪಕ್ಕದಲ್ಲಿ ನಿಂತರೆ ಮುಲಾಜಾಗುತ್ತದೆ ಎಂದು ಒಬ್ಬರೇ ಬಂದು, ನೋಡಿ, ಒಂದು ಚೀಟಿ ಬರೆದಿಟ್ಟು ಹೋಗುವುದು ಅವರ ಕ್ರಮ. ಅವರು ನನ್ನ ಗಿರಾಕಿಯೂ ಹೌದು. ಹದಿನೈದು ದಿನಕ್ಕೊಮ್ಮೆ ಭಾನುವಾರ ಹತ್ತೂವರೆಗೆ ಬರುತ್ತಾರೆ. ಎದುರು ಸುಳಿ.

ಮೊದಲ ಚೀಟಿ ಬಂತು: "ಸುಳಿ ತಿರುಗುವ ದಿಕ್ಕು ತಪ್ಪು. ಸರಿಪಡಿಸಿ."

ಬೋಲ್ಟು ಓಡಿಹೋಗಿ ಏಣಿ ಹತ್ತಿ ನೋಡಿದಳು. ಸುಳಿ ಸರಿಯಾಗಿಯೇ ತಿರುಗುತ್ತಿತ್ತು, ಗಡಿಯಾರಕ್ಕೆ ಎದುರಾಗಿ. ಯೋಚಿಸಿ ಯೋಚಿಸಿ ಕೊನೆಗೆ ಅವಳೇ ಒಂದು ಕಾರಣ ಕಂಡುಹಿಡಿದಳು. ಬ್ಯಾಟರಿ ಪೆಟ್ಟಿಗೆಯಿಂದ ಮೋಟಾರಿಗೆ ಹೋಗುವುದು ಎರಡು ಪಿನ್ನಿನ ಪ್ಲಗ್ಗು. ಅದನ್ನು ತಿರುಗಿಸಿ ಚುಚ್ಚಿದರೆ ಎರಡೂ ಮೋಟಾರು ಹಿಮ್ಮುಖವಾಗಿ ಓಡುತ್ತವೆ. ಗುಡಿಸುವವರು ಪ್ಲಗ್ಗು ಕಿತ್ತು ಉಲ್ಟಾ ಹಾಕಿರಬೇಕು, ಆಮೇಲೆ ಯಾರೋ ಸರಿಮಾಡಿರಬೇಕು! ಪ್ಲಗ್ಗಿಗೆ ಕೆಂಪು ಬಣ್ಣ ಬಳಿದು, ತಂತಿ ಸುತ್ತಿ, ಅದರ ಮೇಲೆ ಪುಟ್ಟ ಬೀಗ ಹಾಕಿ ಬೀಗದಕೈ ಕೊರಳಿಗೆ ಹಾಕಿಕೊಂಡು ಓಡಾಡಿದಳು.

ಎರಡನೆಯ ಚೀಟಿ ಬಂತು: "ಈಗಲೂ ತಪ್ಪು. ಬರುವ ಸೋಮವಾರ ಕೊನೆಯ ಸಲ ನೋಡುತ್ತೇನೆ. ಆಗದಿದ್ದರೆ ಚಿತ್ರವೇ ಸಾಕು."

ಏಣಿ ಹತ್ತಿದಳು. ಬೀಗ ಹಾಕಿದ ಹಾಗೇ ಇತ್ತು, ಸುಳಿಯೂ ಸರಿಯಾಗಿಯೇ ಇತ್ತು.

"ನಾನು ನೋಡುವಾಗ ಸರಿ ಇರುತ್ತೆ, ಅವರು ನೋಡುವಾಗ ತಪ್ಪಾಗುತ್ತೆ," ಎಂದಳು ಅವತ್ತು ಸಂಜೆ ಚಪ್ಪಲಿ ಬಿಡುತ್ತಲೇ. "ಅವರನ್ನ ಕಂಡ್ರೆ ನೀರು ಹೆದರಿ ತಿರುಗುತ್ತಾ?"

ಆಗ ನಾನು ಒಂದು ಮಾತು ಆಡಿದೆ. ಈಗಲೂ ನೆನೆಸಿಕೊಂಡರೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

"ಅಷ್ಟು ಓದಿದೋರು ಎರಡೆರಡು ಸಲ ತಪ್ಪು ಹೇಳ್ತಾರೇನೇ? ನೀನೇ ಎಲ್ಲೋ ಎಡವಿರ್ತೀಯ. ಪಂಪು ಫ್ಯಾನು ಅಂದ್ರೆ ಬೇರೆ, ಇದು ಬೇರೆ."

ಅವಳು ನನ್ನ ಮುಖವನ್ನೇ ನೋಡಿದಳು. "ನೀನೂನಾ ಅಣ್ಣ?" ಎಂದಳು ಅಷ್ಟೇ. ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ನನ್ನ ಹೆಂಡತಿ ನನ್ನನ್ನು ಕಣ್ಣಲ್ಲೇ ಸುಟ್ಟಳು. ಮೂರು ದಿನ ಬೋಲ್ಟು ನನ್ನ ಜೊತೆ ಮಾತಾಡಿದ್ದು ಒಂದೇ ಸಲ, ಅದೂ ಎಚ್ಚರಿಕೆ ಕೊಡಲು: "ಭಾನುವಾರ ಮೇಷ್ಟ್ರು ನಿನ್ನ ಅಂಗಡಿಗೆ ಬರ್ತಾರೆ. ನನ್ನ ಪರವಾಗಿ ಒಂದು ಮಾತು ಆಡಿದ್ರೂ ನಾನು ಈ ಮನೆಗೆ ಕಾಲಿಡಲ್ಲ. ಪಾಸಾದ್ರೆ ತೊಟ್ಟಿಯಿಂದ ಪಾಸಾಗ್ಬೇಕು, ನಿನ್ನ ಕತ್ತರಿಯಿಂದಲ್ಲ." ಬಾಯಿಗೆ ಬೀಗ ಹಾಕಿಕೊಳ್ಳುತ್ತೇನೆ ಎಂದು ಮಾತು ಕೊಟ್ಟೆ. ಬಾಯಿ ಮುಚ್ಚಿಕೊಂಡು ಕ್ಷೌರ ಮಾಡುವುದು ಎಷ್ಟು ಕಷ್ಟ ಎಂದು ನನ್ನ ಕಸುಬಿನವರನ್ನು ಕೇಳಿ.

ಭಾನುವಾರ ಹತ್ತೂವರೆಗೆ ಮೇಷ್ಟ್ರು ಬಂದರು, ಕೂತರು. ಬಟ್ಟೆ ಹೊದಿಸಿದೆ.

"ಏನಪ್ಪಾ, ಇವತ್ತು ರೇಡಿಯೋ ಬಂದ್?" ಎಂದರು.

"ಗಂಟಲು ಸರಿಯಿಲ್ಲ ಮೇಷ್ಟ್ರೇ."

ನನ್ನ ಅಂಗಡಿಯಲ್ಲಿ ಎದುರು ಗೋಡೆ ತುಂಬ ಒಂದೇ ಕನ್ನಡಿ. ಗಡಿಯಾರ ಹಿಂದಿನ ಗೋಡೆಯಲ್ಲಿದೆ. ಇಪ್ಪತ್ತೇಳು ವರ್ಷದಿಂದ ಗಂಟೆ ನೋಡುವುದು ಕನ್ನಡಿಯಲ್ಲೇ ಆದ್ದರಿಂದ ಉಲ್ಟಾ ಓಡುವ ಮುಳ್ಳೇ ನನ್ನ ಕಣ್ಣಿಗೆ ಸಲೀಸು. ಎಷ್ಟು ಸಲೀಸೆಂದರೆ ಅದು ಉಲ್ಟಾ ಎಂಬುದೇ ಮರೆತುಹೋಗಿದೆ. ಎಡಭಾಗ ಮುಗಿಸಿದೆ. ಬಲಭಾಗಕ್ಕೆ ಹೋಗುವ ಮುಂಚೆ, "ಸ್ವಲ್ಪ ತಲೆ ಬಗ್ಗಿಸಿ," ಎಂದೆ. ಮೇಷ್ಟ್ರು ಗಲ್ಲ ಎದೆಗೆ ಒತ್ತಿಕೊಂಡರು. ನೆತ್ತಿ ಕನ್ನಡಿಯ ಕಡೆಗೆ ಬಂತು.

ಕೆಳಗೆ ನೋಡಿದೆ. ಅದೇ ಹಳೆಯ ಎದುರು ಸುಳಿ. ಬಾಚಣಿಗೆ ಇಟ್ಟು, ಅಳತೆ ಸರಿಯಿದೆಯೇ ಎಂದು ಅಭ್ಯಾಸಬಲದಿಂದ ಕನ್ನಡಿಗೆ ಕಣ್ಣು ಹಾಯಿಸಿದೆ.

ಕನ್ನಡಿಯಲ್ಲಿ ಸುಳಿ ಗಡಿಯಾರದ ಮುಳ್ಳು ಹೋಗುವ ಕಡೆಗೇ ಸುತ್ತುತ್ತಿತ್ತು.

ಕೆಳಗೆ ನೋಡಿದೆ, ಎದುರು. ಮೇಲೆ ನೋಡಿದೆ, ಸರಿ. ಒಂದೇ ತಲೆ, ಒಂದೇ ಸುಳಿ. ಸಾವಿರ ಸಲ ಕಂಡಿರಬೇಕು, ಒಂದು ಸಲವೂ ನೋಡಿರಲಿಲ್ಲ. ಅಷ್ಟರಲ್ಲಿ ನನ್ನ ತಲೆಯೊಳಗೆ ಏಣಿ ಕಂಡಿತು, ಬೆಂಚು ಕಂಡಿತು, ಬಡಗಿಗಳು ತೂಗುಹಾಕಿದ ಆ ಓರೆಗನ್ನಡಿ ಕಂಡಿತು. ಬೋಲ್ಟು ಯಾವತ್ತೂ ಏಣಿಯಿಂದ ನೋಡಿದವಳು. ಮೇಷ್ಟ್ರು ಎರಡು ಸಲವೂ ಬೆಂಚಿನಿಂದ ನೋಡಿದವರು.

"ಅಯ್ಯೋ ನನ್ನ ತಂಗೀ!" ಎಂದು ಕೂಗಿಬಿಟ್ಟೆ.

"ಕಿವಿ ಕೊಯ್ದೆಯೇನೋ?" ಎಂದು ಮೇಷ್ಟ್ರು ಬೆಚ್ಚಿ ತಲೆಯೆತ್ತಿದರು.

ಅವರಿಗೆ ಹೇಳುವಂತಿಲ್ಲ, ಮಾತು ಕೊಟ್ಟಿದ್ದೇನೆ. ಹೇಳದೆ ನಿಲ್ಲುವಂತೆಯೂ ಇಲ್ಲ. "ಐದು ನಿಮಿಷ ಮೇಷ್ಟ್ರೇ, ಬಂದೆ," ಎಂದವನೇ ಕೈಗೆ ಸಿಕ್ಕ ಕೈಗನ್ನಡಿ ಹಿಡಿದುಕೊಂಡು ಬೀದಿಗಿಳಿದು ಓಡಿದೆ. ಅರ್ಧ ಕ್ಷೌರದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಭವನದಲ್ಲಿ ಬೋಲ್ಟು ತೊಟ್ಟಿಯ ಪಕ್ಕ ನೆಲದ ಮೇಲೆ ಕೂತಿದ್ದಳು. ಮುಂದೆ ಸ್ಪ್ಯಾನರುಗಳು, ಬಿಚ್ಚಿದ ಒಂದು ಮೋಟಾರು. ಕಣ್ಣು ಕೆಂಪಗಿತ್ತು. ನನ್ನನ್ನು ನೋಡಿ ಮುಖ ತಿರುಗಿಸಿದಳು.

"ಮೋಟಾರು ಹಾಕು," ಎಂದೆ ಏದುಸಿರು ಬಿಡುತ್ತಾ. "ನಡೆಸು. ಜಗಳ ಆಮೇಲೆ ಆಡೋಣ."

ಏನನ್ನಿಸಿತೋ, ಹಾಕಿದಳು. ನೀರು ನಿಧಾನವಾಗಿ ಪಟ್ಟೆಪಟ್ಟೆಯಾಯಿತು. ಕೆಂಪು ಹನಿ ಬಿತ್ತು, ಹಿಗ್ಗಿತು, ಸುತ್ತತೊಡಗಿತು. ಅವಳು ರೂಢಿಯಂತೆ ಏಣಿಗೆ ಕಾಲಿಟ್ಟಳು. ನಾನು ಅವಳ ರಟ್ಟೆ ಹಿಡಿದು ಎಳೆತಂದು ಬೆಂಚಿನ ಮೇಲೆ ಕೂರಿಸಿದೆ.

"ಇಲ್ಲಿಂದ ಯಾವತ್ತಾದ್ರೂ ನೋಡಿದೀಯಾ?"

"ಕನ್ನಡಿ ಹಾಕಿದ ದಿನ ನೋಡ್ದೆ. ಆಗ ತೊಟ್ಟಿ ಖಾಲಿ ಇತ್ತು…" ಎನ್ನುತ್ತಾ ತಲೆಯೆತ್ತಿದವಳು ಅಲ್ಲಿಗೇ ನಿಲ್ಲಿಸಿದಳು.

ಓರೆಗನ್ನಡಿಯಲ್ಲಿ ಕೆಂಪು ಸುಳಿ ಗಡಿಯಾರದ ಕಡೆಗೇ ತಿರುಗುತ್ತಿತ್ತು. ಬೋಲ್ಟು ಎದ್ದು ಏಣಿ ಹತ್ತಿದಳು, ಇಳಿದಳು, ಬೆಂಚಿಗೆ ಬಂದಳು, ಮತ್ತೆ ಏಣಿ ಹತ್ತಿದಳು. ನಾಲ್ಕನೆಯ ಸಲ ಇಳಿದಾಗ ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟವಿತ್ತು.

"ಬೀಗ ಹಾಕಿದ್ನಲ್ಲ ಅಣ್ಣ! ಪ್ಲಗ್ಗಿಗೆ ಬೀಗ ಹಾಕಿದ್ನಲ್ಲ!"

"ಕನ್ನಡಿಗೆ ಹಾಕ್ಬೇಕಿತ್ತು," ಎಂದೆ. ಮೂರು ದಿನದ ಮೇಲೆ ಇಬ್ಬರೂ ಸೇರಿ ನಕ್ಕೆವು.

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ ಕೇಳಿತು. ಮೇಷ್ಟ್ರು ಬಂದಿದ್ದರು. ಕೊರಳಿಗೆ ನನ್ನ ಬಿಳಿ ಬಟ್ಟೆ, ತಲೆಯ ಎಡಭಾಗ ನುಣ್ಣಗೆ, ಬಲಭಾಗ ಕೆದರಿಕೊಂಡು. ನಾನು ಓಡಿದ ದಾರಿ ಹಿಡಿದು ಎರಡು ಬೀದಿ ಹಾಗೇ ನಡೆದುಬಂದಿದ್ದರು. ಟಿಕೆಟ್ ಕೌಂಟರಿನವನು ಹಿಂದೆಯೇ ಓಡಿಬಂದವನು ಗುರುತು ಸಿಕ್ಕಿ ಹಿಂದಕ್ಕೆ ಸರಿದ.

"ಐದು ನಿಮಿಷ ಅಂದಿದ್ದೆ! ಹುಚ್ಚು ಹಿಡೀತೇನೋ ನಿನಗೆ?"

ನಾನು ಬಾಯಿಗೆ ಕೈ ಅಡ್ಡ ಹಿಡಿದು ಬೋಲ್ಟುವನ್ನು ನೋಡಿದೆ. ಮಾತು ಮಾತೇ ತಾನೆ. ಅವಳು ಮುಂದೆ ಬಂದಳು. ಬೇಡಿಕೊಳ್ಳಲಿಲ್ಲ, ವಿವರಿಸಲೂ ಇಲ್ಲ. "ಸರ್, ಆ ಏಣಿ ಒಂದ್ಸಲ ಹತ್ತಿ," ಎಂದಳು.

ಮೇಷ್ಟ್ರು ಗೊಣಗುತ್ತಲೇ ಬಟ್ಟೆ ಎತ್ತಿ ಹಿಡಿದುಕೊಂಡು ನಾಲ್ಕು ಮೆಟ್ಟಿಲು ಹತ್ತಿದರು. ತೊಟ್ಟಿ ನೋಡಿದರು. ಕತ್ತು ತಿರುಗಿಸಿ ಮೇಲಿನ ಕನ್ನಡಿ ನೋಡಿದರು. ಅರ್ಧ ಕತ್ತರಿಸಿದ ತಲೆಯನ್ನು ಕೈಯಿಂದ ಉಜ್ಜಿಕೊಂಡರು.

"ಮೂವತ್ತು ವರ್ಷ ದುರ್ಬೀನಿನಲ್ಲಿ ಕನ್ನಡಿ ಇಟ್ಕೊಂಡು ಇದೇ ಗ್ರಹಾನ ನೋಡಿದೀನಿ ಕಣಮ್ಮ," ಎಂದರು. "ಪ್ರತಿ ದಿನ ಮನಸ್ಸಲ್ಲೇ ತಿರುಗಿಸಿ ಓದ್ಕೊತಿದ್ದೆ. ಇಲ್ಲಿ ಬೆಂಚಲ್ಲಿ ಕೂತ ತಕ್ಷಣ ಮರೆತೇಬಿಟ್ಟೆ. ನೀರು ನೋಡ್ತಿದೀನಿ ಅಂದ್ಕೊಂಡೆ."

ನನಗೆ ಕುಣಿಯಬೇಕು ಅನ್ನಿಸಿತು. ಆದರೆ ಅವರು ಎದುರು ಸುಳಿಯವರು ಎಂಬುದನ್ನು ನಾನು ಮರೆಯಬಾರದಿತ್ತು.

"ಆದ್ರೆ ಮಕ್ಕಳು ಕೂರೋದು ಬೆಂಚಲ್ಲೇ," ಎಂದರು ಇಳಿಯುತ್ತಾ. "ಅವರಿಗೆ ಕಾಣೋದು ತಪ್ಪು ದಿಕ್ಕೇ. ಕಾರಣ ಗೊತ್ತಾಯ್ತು, ತಪ್ಪು ಹೋಗ್ಲಿಲ್ಲ. ನಾಳೆ ಬೆಳಿಗ್ಗೆ ಬೆಂಚಿನಿಂದಲೇ ನೋಡ್ತೀನಿ."

"ಪ್ಲಗ್ಗು ತಿರುಗಿಸಿ ಹಾಕಿಬಿಡೇ," ಎಂದೆ ನಾನು. ಆಗ ನನಗೆ ಬಾಯಿ ಬಂದಿತ್ತು. "ಬೆಂಚಿಗೆ ಸರಿಯಾಗುತ್ತೆ, ಮುಗೀತು."

ಬೋಲ್ಟು ಮೆಟ್ಟಿಲ ಕಡೆ ಕೈ ತೋರಿಸಿದಳು. "ಅಲ್ಲಿಂದ ಬಗ್ಗಿ ನೋಡೋರಿಗೆ? ಅವರಿಗೆ ತಪ್ಪಾಗುತ್ತೆ. ಕನ್ನಡಿಗೋಸ್ಕರ ನಾನು ನೀರಿನ ಕೈಲಿ ಸುಳ್ಳು ಹೇಳಿಸಲ್ಲ."

ಮೇಷ್ಟ್ರು ಅವಳನ್ನು ಮೊದಲ ಸಲ ಸರಿಯಾಗಿ ನೋಡಿದರು. "ನನ್ನ ಬಲಗಡೆ ತಲೆ ಬಾಕಿ ಇದೆ," ಎಂದು ನನಗೆ ನೆನಪಿಸಿದರು.

ಅಂಗಡಿಗೆ ಮರಳಿ ಬಲಭಾಗ ಮುಗಿಸಿದೆ. ಬೋಲ್ಟು ಕೂಡ ಜೊತೆಗೆ ಬಂದು ಮೂಲೆಯ ಸ್ಟೂಲಿನಲ್ಲಿ ಕೂತು ಉಗುರು ಕಚ್ಚುತ್ತಿದ್ದಳು. ಕೊನೆಗೆ ಎಲ್ಲ ಗಿರಾಕಿಗಳಿಗೂ ಮಾಡುವ ಹಾಗೆ ಮೇಷ್ಟ್ರ ಹಿಂದೆ ಕೈಗನ್ನಡಿ ಹಿಡಿದೆ. ಎದುರಿನ ದೊಡ್ಡ ಕನ್ನಡಿಯಲ್ಲಿ ಕೈಗನ್ನಡಿ, ಅದರೊಳಗೆ ಅವರ ಹಿಂದಲೆ. ದಿನಕ್ಕೆ ಇಪ್ಪತ್ತು ಸಲ ಕೇಳುವ ಪ್ರಶ್ನೆಯನ್ನೇ ಕೇಳಿದೆ: "ನೋಡ್ಕೊಳ್ಳಿ, ಸರಿ ಇದೆಯಾ?"

ಮೂಲೆಯಲ್ಲಿ ಸ್ಟೂಲು ದಡಾರನೆ ಬಿತ್ತು. ಬೋಲ್ಟು ಎದ್ದು ನಿಂತಿದ್ದಳು. "ಕೈ ಅಲ್ಲಾಡಿಸ್ಬೇಡ ಅಣ್ಣ! ಹಂಗೇ ಇರು!" ಎಂದು ಬಂದು ಮೇಷ್ಟ್ರ ನೆತ್ತಿಯನ್ನೊಮ್ಮೆ ನೇರವಾಗಿ, ದೊಡ್ಡ ಕನ್ನಡಿಯೊಳಗಿನ ಕೈಗನ್ನಡಿಯಲ್ಲೊಮ್ಮೆ ನೋಡಿದಳು. ಎರಡು ಕಡೆಯೂ ಎದುರು ಸುಳಿ. ಒಂದು ಕನ್ನಡಿ ತಿರುಗಿಸಿದ್ದನ್ನು ಇನ್ನೊಂದು ಕನ್ನಡಿ ಮತ್ತೆ ತಿರುಗಿಸಿ ನೆಟ್ಟಗೆ ಮಾಡಿತ್ತು.

ನಾನು ಈ ಕೆಲಸವನ್ನು ಇಪ್ಪತ್ತೇಳು ವರ್ಷ ಮಾಡಿದ್ದೇನೆ. ಯಾಕೆ ಎಂದು ಕೇಳಿಕೊಂಡಿರಲಿಲ್ಲ.

"ನನ್ನ ತಲೆಯಲ್ಲಿ ಅದೇನು ನೋಡ್ತಿದೀರಿ ಇಬ್ಬರೂ?" ಎಂದರು ಮೇಷ್ಟ್ರು.

"ಬಿರುಗಾಳಿ ಸರ್," ಎಂದಳು ಬೋಲ್ಟು. "ನಾಳೆ ಹೇಳ್ತೀನಿ."

ಮೇಷ್ಟ್ರು ಹೋದ ತಕ್ಷಣ ಬಾಗಿಲಿಗೆ 'ಮುಚ್ಚಿದೆ' ಬೋರ್ಡು ಬಿತ್ತು. ಭವನದವರನ್ನು ಭಾನುವಾರ ಕನ್ನಡಿ ಕೇಳಿದರೆ ಅರ್ಜಿ ಕೊಡು ಎನ್ನುತ್ತಾರೆ. ನಾನೇ ನನ್ನ ಅಂಗಡಿಯ ದೊಡ್ಡ ಕನ್ನಡಿಯ ಸ್ಕ್ರೂಗಳನ್ನು ಬಿಚ್ಚಿದೆ. ಕಳಚಿದಾಗ ಹಿಂದಿನ ಗೋಡೆಯಲ್ಲಿ ಇಪ್ಪತ್ತೇಳು ವರ್ಷದ ಹಿಂದಿನ ನೀಲಿ ಬಣ್ಣ ಹೊಸದರ ಹಾಗೆ ಕಂಡಿತು. ಅದರ ಮೇಲೆ ಒಮ್ಮೆ ಕೈಯಾಡಿಸಿದೆ. ಅಟ್ಟದಲ್ಲಿದ್ದ ನನ್ನ ಮೊದಲ ಕುರ್ಚಿಯನ್ನೂ ಇಳಿಸಿದೆವು. ಎರಡನ್ನೂ ಸಾಮಾನಿನ ಗಾಡಿಯಲ್ಲಿ ಮಲಗಿಸಿ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಕನ್ನಡಿಯೊಳಗೆ ಮೋಡಗಳು ಹಿಮ್ಮುಖವಾಗಿ ಓಡುತ್ತಿದ್ದವು. ಇಬ್ಬರೂ ಗಾಡಿಯ ಎರಡು ಬದಿ ಹಿಡಿದು ಅದನ್ನೇ ನೋಡುತ್ತಾ ನಡೆದೆವು.

ಬೆಂಚು ತೆಗೆದು ಅಲ್ಲಿ ಕುರ್ಚಿ ಇಟ್ಟೆವು, ತೊಟ್ಟಿಗೆ ಬೆನ್ನು ಮಾಡಿ. ಎದುರು ಗೋಡೆಗೆ ನನ್ನ ಕನ್ನಡಿ. ಕೂತವರು ಅದರೊಳಗೆ ನೋಡಿದರೆ ತಮ್ಮ ತಲೆಯ ಮೇಲುಗಡೆ ಓರೆಗನ್ನಡಿ ಕಾಣಬೇಕು, ಅದರೊಳಗೆ ತೊಟ್ಟಿ. ಓರೆಯನ್ನು ಹೊಂದಿಸಲು ಬೋಲ್ಟುಗೆ ಸಂಜೆಯವರೆಗೆ ಹಿಡಿಯಿತು. ನಾನು ಕುರ್ಚಿಯ ಎತ್ತರ ಹೆಚ್ಚುಕಡಿಮೆ ಮಾಡುತ್ತಾ ಇದ್ದೆ. ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಸೋಮವಾರ ಬೆಳಿಗ್ಗೆ ಮೇಷ್ಟ್ರು ಬಂದರು. ಕ್ರಮದ ಪ್ರಕಾರ ನಾವು ಹೊರಗೆ ನಿಂತೆವು, ಆದರೆ ಬಾಗಿಲ ಸಂದಿಯನ್ನು ಯಾವ ಕ್ರಮವೂ ಮುಚ್ಚಿರಲಿಲ್ಲ. ಕುರ್ಚಿ ನೋಡಿ ಅವರು ನಿಂತರು. ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಜೀವಮಾನದಲ್ಲಿ ಗುರುವಿಗೆ ಬೆನ್ನು ತೋರಿಸಿದವನಲ್ಲ ನಾನು," ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಕೂತರು.

ನೀರು ಪಟ್ಟೆಯಾಯಿತು. ಕೆಂಪು ಹಿಗ್ಗಿತು. ಬೋಲ್ಟು ನನ್ನ ಮಣಿಕಟ್ಟನ್ನು ಹಿಡಿದ ಹಿಡಿತಕ್ಕೆ ಅಲ್ಲಿ ನಾಲ್ಕು ಬೆರಳಿನ ಗುರುತು ಎರಡು ದಿನ ಇತ್ತು. ಮೇಷ್ಟ್ರು ಕನ್ನಡಿ ನೋಡಿದರು. ಎದ್ದು ಮೆಟ್ಟಿಲು ಹತ್ತಿ ಅಲ್ಲಿಂದ ಬಗ್ಗಿ ನೋಡಿದರು. ಮತ್ತೆ ಬಂದು ಕೂತರು. ಇನ್ನು ಎದ್ದು ಚೀಟಿ ಬರೆಯುತ್ತಾರೆ ಎಂದು ನಾವು ಕಾದೆವು. ಅವರು ಏಳಲೇ ಇಲ್ಲ. ಅರ್ಧ ಗಂಟೆ ಕೂತೇ ಇದ್ದರು, ಬಾಯಿ ಸ್ವಲ್ಪ ತೆರೆದು. ದೊಡ್ಡ ಸುಳಿಯ ಪಕ್ಕ ಪುಟ್ಟ ಬಿಳಿ ಸುಳಿಗಳು ಹುಟ್ಟಿ, ಒಂದನ್ನೊಂದು ಹಿಡಿದು, ನುಂಗಿ, ಮಾಯವಾಗುವುದನ್ನು ನೋಡುತ್ತಿದ್ದರು. ಆಮೇಲೆ ಬರೆದು, ಎಂದೂ ಇಲ್ಲದ ಹಾಗೆ ಚೀಟಿಯನ್ನು ಅವರೇ ತಂದು ಬೋಲ್ಟುವಿನ ಕೈಗೆ ಕೊಟ್ಟು ಹೋದರು.

"ದಿಕ್ಕು ಸರಿ. ಎಲ್ಲ ಕಡೆಯಿಂದಲೂ ಸರಿ. ಹಿಂದಿನ ಎರಡು ಚೀಟಿಗಳ ತಪ್ಪು ನನ್ನದು. ತೊಟ್ಟಿಯ ಮೇಲೆ ಮಾಡಿದವರ ಹೆಸರು ಬರೆಸಿ."

ಬೋಲ್ಟು ಅದನ್ನು ಮೂರು ಸಲ ಓದಿದಳು. ಮಡಿಸಿ, ಪ್ಲಗ್ಗಿನ ಬೀಗದಕೈ ಜೊತೆ ಜೇಬಿಗೆ ಹಾಕಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ನೀನು ಕೂರು," ಎಂದಳು.

"ನಾನ್ಯಾಕೆ? ಕುರ್ಚಿ ಹಿಂದೆ ನಿಲ್ಲೋನು ನಾನು."

"ಕೂರು ಅಂದೆ."

ಕೂತೆ. ನನ್ನದೇ ಕುರ್ಚಿ, ನನ್ನದೇ ಕನ್ನಡಿ, ಆದರೂ ಹೊಸ ಜಾಗಕ್ಕೆ ಬಂದ ಹಾಗಿತ್ತು. ನನ್ನ ತಲೆಯ ಮೇಲೆ ನೆಲವಿಲ್ಲದ ಆ ಊರಿನ ಪಟ್ಟೆಗಳು ಓಡುತ್ತಿದ್ದವು, ಎರಡರ ನಡುವೆ ಸಿಕ್ಕ ಕೆಂಪು ಸುಳಿ ಆತುರವಿಲ್ಲದೆ ಸುತ್ತುತ್ತಿತ್ತು, ಗಡಿಯಾರಕ್ಕೆ ಎದುರಾಗಿ. ಎಂಟು ತಿಂಗಳು ಅವಳು ಏಣಿಯ ಮೇಲೆ ಒಬ್ಬಳೇ ನೋಡಿದ್ದು ಇದನ್ನೇ. ಅವಳು ಕಂಡದ್ದನ್ನು ನಾನು ಒಂದು ಸಲ ಹತ್ತಿ ನೋಡದೆಯೇ ತಪ್ಪು ಎಂದಿದ್ದೆ. ನಾಚಿಕೆಯಾಯಿತು. ಅದನ್ನು ಹೇಳಬೇಕೆಂದು ಕನ್ನಡಿಯಲ್ಲಿ ಅವಳನ್ನು ಹುಡುಕಿದೆ.

ಕನ್ನಡಿಯಲ್ಲಿ ನನ್ನ ಹೆಗಲ ಹಿಂದೆ ಬೋಲ್ಟು ಬಂದು ನಿಂತಳು. ನಾನು ನಿಲ್ಲುವ ಜಾಗದಲ್ಲಿ, ನಾನು ನಿಲ್ಲುವ ಹಾಗೆಯೇ. ಬಗ್ಗಿ ಕೇಳಿದಳು:

"ನೋಡ್ಕೋ ಅಣ್ಣ, ಸರಿ ಇದೆಯಾ?"

"ಮೊದಲಿಂದಾನೂ ಸರಿ ಇತ್ತು ಕಣೇ," ಎಂದೆ.